ನಡೆಯುವ ಭೂರ್ಜಕ್ಕೆ ಒಂದು ಹೊಲಿಗೆ

ಜನವರಿಯಲ್ಲಿ ಸ್ವೀಡನ್ನಿನ ಲಿಂಡ್‌ಫೋರ್ಸ್ ಊರಿಗೆ ಬೆಳಗಾಗುವುದು ಸೂರ್ಯನ ಮರ್ಜಿಯ ಮೇಲಲ್ಲ. ಮೊದಲು ಬೇಕರಿಯ ದೀಪ ಹೊತ್ತಿಕೊಳ್ಳುತ್ತದೆ, ಆಮೇಲೆ ಗ್ರಂಥಾಲಯದ ನೆಲಮಾಳಿಗೆಯದು. ಸೂರ್ಯ ಅದೆಷ್ಟೋ ಹೊತ್ತಾದ ಮೇಲೆ ಆಕಳಿಸುತ್ತ ಬರುತ್ತಾನೆ. ಆ ಎರಡನೆಯ ದೀಪ ಹಚ್ಚುವವರು ಬಾರ್ಬ್ರೂ ಓಕೆರ್ಲಿಂಡ್. ಕಾಲಲ್ಲಿ ಒದ್ದು ಹಿಮದ ಮೇಲೆ ಜಾರಿಸುವ ಗಾಡಿಯನ್ನು ಹಿಂಬಾಗಿಲ ಗೋಡೆಗೆ ಆನಿಸಿ, ಬೂಟಿಗೆ ಮೆತ್ತಿದ ಹಿಮವನ್ನು ಮೆಟ್ಟಿಲಿಗೆ ಕುಟ್ಟಿ ಉದುರಿಸಿ ಒಳಗೆ ಬರುತ್ತಾರೆ. ಬಂದವರೇ ಮಾಡುವ ಮೊದಲ ಕೆಲಸ, ಬಾಗಿಲು ಹಾಕಿದ ಮೇಲೆ ಜನ ಗೋಡೆಯ ಕಿಂಡಿಯಿಂದ ಒಳಗೆ ತಳ್ಳಿ ಹೋದ ಪುಸ್ತಕಗಳನ್ನು ಪೆಟ್ಟಿಗೆಯಿಂದ ಎತ್ತುವುದು. ಒಂದೊಂದನ್ನೂ ಎರಡೂ ಕೈಯಲ್ಲಿ ಹಿಡಿದೇ ಎತ್ತುತ್ತಾರೆ.

“ಆ ಕಿಂಡಿಯಿಂದ ಬೀಳೋದು ಅಂದ್ರೆ ಮಹಡಿ ಮೆಟ್ಟಿಲಿಂದ ಜಾರಿ ಬಿದ್ದ ಹಾಗೆ,” ಎನ್ನುತ್ತಾರೆ. “ಬಿದ್ದವರು ಎದ್ದು ಓಡಾಡ್ತಾರೆ, ನಿಜ. ಆದ್ರೆ ಒಳಗೆಲ್ಲೋ ಏಟಾಗಿರುತ್ತೆ. ಎರಡು ದಿನ ಆದ್ಮೇಲೆ ಗೊತ್ತಾಗುತ್ತೆ.”

ಈ ಸೋಮವಾರ ಪೆಟ್ಟಿಗೆಯಲ್ಲಿ ಅಡುಗೆ ಪುಸ್ತಕಗಳಿವೆ, ಕೊಲೆ ಪತ್ತೇದಾರಿಯ ದಪ್ಪ ಕಾದಂಬರಿಗಳಿವೆ. ಎಲ್ಲದರ ತಳದಲ್ಲಿ ಬೂದುಬಣ್ಣದ ಬಟ್ಟೆ ಹೊದ್ದ ಒಂದು ತೆಳ್ಳನೆಯ ಪುಸ್ತಕ. ಅದನ್ನು ಕಂಡಿದ್ದೇ ಬಾರ್ಬ್ರೂ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ. ಮೇಜಿನ ಮೇಲೆ ಪುಸ್ತಕವನ್ನು ಬೆನ್ನಿನ ಮೇಲೆ ನಿಲ್ಲಿಸಿ, ಹಿಡಿದ ಕೈ ಮೆಲ್ಲನೆ ಬಿಡುತ್ತಾರೆ. ಪುಸ್ತಕ ತಾನಾಗಿಯೇ ಬಿಚ್ಚಿಕೊಂಡು ಒಂದು ಪುಟದಲ್ಲಿ ನಿಲ್ಲುತ್ತದೆ. ಆ ಪುಟದಲ್ಲಿ ಕಪ್ಪು ಶಾಯಿಯಲ್ಲಿ ಬರೆದ ಒಂದು ಮರ, ತೊರೆ ದಾಟುವ ಅಜ್ಜಿ ಲಂಗ ಎತ್ತಿಕೊಂಡ ಹಾಗೆ ತನ್ನ ಬೇರುಗಳನ್ನು ಎತ್ತಿಕೊಂಡು ನೀರು ದಾಟುತ್ತಿದೆ. ಕೊಂಬೆಯ ನಡುವೆ ಒಂದು ಹಕ್ಕಿಗೂಡು. ಪುಟದ ಬುಡದಲ್ಲಿ ಹೊಸದಾಗಿ ಹರಿದ ಗಾಯ.

“ಜನ ಯಾವ ಪುಟದಲ್ಲಿ ಹೆಚ್ಚು ಹೊತ್ತು ಕೂತಿದ್ರೋ ಆ ಪುಟ ತಾನಾಗೇ ತೆರೆಯುತ್ತೆ. ಪುಸ್ತಕಕ್ಕೆ ಸುಳ್ಳು ಹೇಳೋಕೆ ಬರಲ್ಲ,” ಎಂದು ಬಾರ್ಬ್ರೂ ತೆಳು ಜಪಾನಿ ಕಾಗದದ ಚೂರೊಂದನ್ನು ಹರಿಯುತ್ತಾರೆ. ಕತ್ತರಿ ಹಾಕುವುದಿಲ್ಲ. ಹರಿದ ಅಂಚಿಗೆ ನಾರು ಇರುತ್ತದೆ, ಹಿಡಿತ ಚೆನ್ನಾಗಿ ಬರುತ್ತದೆ. ಹಿಟ್ಟಿನ ಅಂಟನ್ನು ಕುಂಚದ ತುದಿಯಲ್ಲಿ ಹಚ್ಚಿ, ಗಾಯದ ಮೇಲೆ ಕಾಗದ ಕೂರಿಸಿ, ಸವೆದ ಮೂಳೆಪಟ್ಟಿಯಿಂದ ಮೆತ್ತಗೆ ಉಜ್ಜುತ್ತಾರೆ.

ಪುಸ್ತಕದ ಹೆಸರು ‘ಡಿಮ್‌ದಾಲೆನ್’, ಅಂದರೆ ಮಂಜಿನ ಕಣಿವೆ. ಇದು ಕತೆಯ ಪುಸ್ತಕವಲ್ಲ, ಕತೆ ಕಟ್ಟುವ ಆಟದ ಪುಸ್ತಕ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬಳು ಬೇಟೆಗಾತಿ, ಒಬ್ಬ ಕಮ್ಮಾರ, ಇನ್ನೊಬ್ಬ ಅರೆಬೆಂದ ಮಾಂತ್ರಿಕ. ಕತೆ ನಡೆಸುವ ಒಬ್ಬರು ಪುಸ್ತಕ ನೋಡಿಕೊಂಡು ‘ಮುಂದೆ ಕಾಡು, ಕತ್ತಲಾಗ್ತಿದೆ, ಏನ್ ಮಾಡ್ತೀರಿ?’ ಎಂದು ಕೇಳುತ್ತಾರೆ. ಮಾಡುವುದು ಆಟಗಾರರ ಬುದ್ಧಿ, ಆಗುವುದು ದಾಳದ ಇಚ್ಛೆ. ಸ್ವೀಡನ್ನಿನ ಎಂಬತ್ತರ ದಶಕದ ಮಕ್ಕಳು ಇಂಥ ಆಟಗಳ ಮೇಲೇ ಬೆಳೆದರು ಎಂದರೆ ತಪ್ಪಲ್ಲ. ಡಿಮ್‌ದಾಲೆನ್ ಆವತ್ತಿನಿಂದ ಈವತ್ತಿನವರೆಗೆ ಐದು ಆವೃತ್ತಿ ಕಂಡಿದೆ. ಐದನೆಯದು ಕಳೆದ ವಾರವಷ್ಟೇ ನಮ್ಮೂರ ಗ್ರಂಥಾಲಯಕ್ಕೆ ಬಂತು, ಬಾರ್ಬ್ರೂ ಅವರ ತಲೆನೋವೂ ಅದರ ಜೊತೆಗೇ ಬಂತು.

ಸುತ್ತಲಿನ ಗ್ರಂಥಾಲಯಗಳಿಗೆಲ್ಲ ಈಚೆಗೆ ಒಂದು ನಿಯಮ ಬಂದಿದೆ: ಹೊಸ ಆವೃತ್ತಿ ಬಂದು, ಹಳೆಯದರಲ್ಲಿದ್ದುದೆಲ್ಲ ಹೊಸದರಲ್ಲಿದ್ದರೆ, ಹಳೆಯದು ಕಪಾಟು ಬಿಡಬೇಕು. ತೆರಿಗೆ ಕಾನೂನಿನ ಪುಸ್ತಕಕ್ಕೆ ಇದು ಸರಿಯಾದ ನಿಯಮವೇ. ಆದರೆ ಈ ಬೂದು ಪುಸ್ತಕ ಡಿಮ್‌ದಾಲೆನ್‌ನ ಮೊದಲ ಆವೃತ್ತಿ, ಅದು ಎರವಲಿಗೆ ಸಿಗುವುದು ಇಡೀ ಸೀಮೆಯಲ್ಲಿ ಇದೊಂದೇ ಕಡೆ. ಗ್ರಂಥಾಲಯದ ಮುಖ್ಯಸ್ಥೆ ಮಾಲಿನ್ ಒಳ್ಳೆಯ ಹೆಂಗಸು. ಸೋಮವಾರ ಕಾಫಿ ಹೊತ್ತಿಗೆ ನೆಲಮಾಳಿಗೆಗೆ ಇಳಿದು ಬಂದು, ವಿಷಯವನ್ನು ಆದಷ್ಟು ಮೆತ್ತಗೆ ಹೇಳಲು ನೋಡುತ್ತಾರೆ.

“ಬಾರ್ಬ್ರೂ, ನಿಯಮ ನಾನು ಮಾಡಿದ್ದಲ್ಲ.”

“ನೀನು ಮಾಡಿದ್ರೆ ಇಷ್ಟು ಹೊತ್ತಿಗೆ ನಿನ್ನ ಕಿವಿ ಹಿಂಡ್ತಿದ್ದೆ.”

“ಬಿಸಾಕೋದಕ್ಕೆ ನಂಗೂ ಮನಸ್ಸಿಲ್ಲ. ಮ್ಯೂಸಿಯಂನವರಿಗೆ ಹೇಳಿದೀನಿ. ಅವರಿಗೆ ಹಳೇ ಆಟಗಳ ಪ್ರದರ್ಶನಕ್ಕೆ ಒಂದು ಪ್ರತಿ ಬೇಕಂತೆ. ಗಾಜಿನ ಪೆಟ್ಟಿಗೇಲಿ ಇಡ್ತಾರೆ. ಮರ್ಯಾದೆಯಿಂದ ಇರುತ್ತೆ.”

“ಗಾಜಿನ ಪೆಟ್ಟಿಗೆ,” ಬಾರ್ಬ್ರೂ ಕಾಫಿ ಕೆಳಗಿಡುತ್ತಾರೆ. “ಒಂದೇ ಪುಟ ತೆರೆದು ಇಡ್ತಾರೆ. ಉಳಿದಿದ್ದು ಯಾರು ನೋಡ್ತಾರೆ?”

ಉಳಿದ ದಾರಿ ಎರಡೇ: ಕಸದ ಬುಟ್ಟಿ, ಇಲ್ಲದಿದ್ದರೆ ಗಾಜಿನ ಪೆಟ್ಟಿಗೆ. ಬಾರ್ಬ್ರೂಗೆ ಬೇಕಾದದ್ದು ಮೂರನೆಯದು: ಪುಸ್ತಕ ಜನರ ಕೈಯಲ್ಲಿರಬೇಕು. ಅದಕ್ಕೆ ನಿಯಮದಲ್ಲಿ ಜಾಗವಿಲ್ಲ. ಶುಕ್ರವಾರದೊಳಗೆ ತೀರ್ಮಾನವಾಗಬೇಕು ಎಂದು ಹೇಳಿ ಮಾಲಿನ್ ಮೇಲೆ ಹೋಗುತ್ತಾರೆ.

ಬಾರ್ಬ್ರೂ ಪುಸ್ತಕ ಹೊಲಿಯಲು ಕಲಿತದ್ದು ಪಕ್ಕದ ಊರಿನ ಬೈಂಡಿಂಗ್ ಕಾರ್ಖಾನೆಯಲ್ಲಿ. ಶಾಲೆ ಮುಗಿಸಿದ ಬೇಸಿಗೆಯಲ್ಲೇ ಸೇರಿದರು. ಶಾಲೆ ಅವರಿಗೆ ಸುಖ ಕೊಟ್ಟಿರಲಿಲ್ಲ. ಅಕ್ಷರ ಹಿಡಿಯಲು ಹೋದರೆ ಮೀನಿನ ಹಾಗೆ ನುಣುಚಿಕೊಳ್ಳುತ್ತಿತ್ತು. ಉಳಿದ ಮಕ್ಕಳು ಪಾಠ ಓದುವಾಗ ಇವರನ್ನು ‘ಓದಿನ ಕ್ಲಿನಿಕ್’ ಎಂಬ ಸಣ್ಣ ಕೋಣೆಗೆ ಕಳಿಸುತ್ತಿದ್ದರು. ಕಾಯಿಲೆಯ ಹೆಸರು ಆಗ ಯಾರಿಗೂ ಗೊತ್ತಿರಲಿಲ್ಲ, ಕ್ಲಿನಿಕ್ ಮಾತ್ರ ಇತ್ತು.

“ದಡ್ಡಿ ಅಂತ ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ. ಬಾಗಿಲ ಮೇಲೆ ಬರೆದಿದ್ರಂತೆ ಕ್ಲಿನಿಕ್ ಅಂತ. ಅದನ್ನ ಓದೋಕೂ ನಂಗೆ ಬರ್ತಿರ್ಲಿಲ್ಲ, ಪುಣ್ಯ!” ಎಂದು ಅವರು ನಗುತ್ತಾರೆ.

ಹೀಗೆ ಓದಲು ಬಾರದ ಹುಡುಗಿ ವರ್ಷಗಟ್ಟಲೆ ಪುಸ್ತಕ ಹೊಲಿದರು. ಒಳಗೆ ಏನಿದೆ ಎಂದು ತಿಳಿಯದೆಯೇ ಕಾವ್ಯ ಹೊಲಿದರು, ಕಾನೂನು ಹೊಲಿದರು, ಬೈಬಲ್ ಹೊಲಿದರು. ಕಾರ್ಖಾನೆ ಮುಚ್ಚಿದ ಮೇಲೆ ಕೆಲವು ವರ್ಷ ಶಾಲೆಗಳ ನೆಲ ಒರೆಸಿದರು. ಆಮೇಲೆ ಗ್ರಂಥಾಲಯದಲ್ಲಿ ಬಾಗಿಲು ತೆರೆಯುವ, ಬಲ್ಬು ಬದಲಿಸುವ, ಹಿಮ ಬಾಚುವ ಕೆಲಸ ಸಿಕ್ಕಿತು. ನೆಲಮಾಳಿಗೆಯ ಮೂಲೆಯಲ್ಲಿ ಹರಿದ ಪುಸ್ತಕಗಳ ರಾಶಿ ಕಂಡು ಕೈ ತಡೆಯಲಿಲ್ಲ. ಮನೆಯಿಂದ ಸೂಜಿ, ಮೇಣ ಹಚ್ಚಿದ ನೂಲು ತಂದರು. ಯಾರೂ ಮಾಡು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಈಗ ಮಣಿಕಟ್ಟು ನೋಯುತ್ತದೆ, ಚಳಿಗಾಲದಲ್ಲಿ ಹೆಬ್ಬೆರಳು ಮಡಚುವುದಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಮತ್ತೆ ಕೂರುತ್ತಾರೆ. ಊರಲ್ಲಿ ಎಷ್ಟು ಜನರ ಕೈಯಲ್ಲಿ ಅವರ ಹೊಲಿಗೆ ಇದೆಯೋ, ಅವರಲ್ಲಿ ಹೆಚ್ಚಿನವರಿಗೆ ಅವರ ಹೆಸರೇ ಗೊತ್ತಿಲ್ಲ.

ಆಟಕ್ಕೆ ಸೇರಿದ್ದು ಮಾಪಿನ ಬಕೆಟ್ ಹಿಡಿದುಕೊಂಡೇ. ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಗುರುವಾರ ಸಂಜೆಗಳಲ್ಲಿ ನಗು ಕೇಳಿಸುತ್ತಿತ್ತು. ಒಂದು ದಿನ ಬಸ್ ಚಾಲಕ ರೂನೆ ಬಾಗಿಲು ತೆರೆದು ಕೂಗಿದ, “ಏಯ್ ಬಾರ್ಬ್ರೂ, ನಮ್ಮ ಆಟದ ಕಳ್ಳಿ ಊರು ಬಿಟ್ಟು ಹೋದ್ಲು. ಬೀಗ ಒಡೆಯೋಕೆ ಯಾರಾದ್ರೂ ಬೇಕು, ಬಾ!” ಓದಲು ಬರುವುದಿಲ್ಲ ಎಂದು ಹೇಳಲು ನಾಚಿಕೆಯಾಗಿ ಇವರು ಸುಮ್ಮನೆ ಕುಳಿತರು. ಪಕ್ಕದಲ್ಲಿ ಶಾಲಾ ಚೀಲ ಮಡಿಲಲ್ಲಿ ಇಟ್ಟುಕೊಂಡ ಹೊಡಾನ್ ಎಂಬ ಹುಡುಗಿ. ಸೊಮಾಲಿಯಾದಿಂದ ಬಂದು ಆಗಿನ್ನೂ ಒಂದು ಚಳಿಗಾಲ ಕಳೆದಿರಲಿಲ್ಲ, ಸ್ವೀಡಿಷ್ ಬರುತ್ತಿರಲಿಲ್ಲ. ಪುಟ ಓದಲಾರದ ಇಬ್ಬರೂ ಒಂದೇ ಪುಸ್ತಕಕ್ಕೆ ತಲೆ ಬಾಗಿಸಿ ಚಿತ್ರ ನೋಡಿದರು. ರೂನೆ ಗಟ್ಟಿಯಾಗಿ ಓದುತ್ತಿದ್ದ, ಇವರು ಚಿತ್ರದಲ್ಲಿ ಬೆರಳಿಟ್ಟು ‘ನಾನು ಇಲ್ಲಿಂದ ನುಗ್ತೀನಿ’ ಎನ್ನುತ್ತಿದ್ದರು. ಹೊಡಾನ್ ಈಗ ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸ್. ಗುರುವಾರದ ಕತೆ ನಡೆಸುವವಳೂ ಅವಳೇ.

“ನಂಗೆ ಸ್ವೀಡಿಷ್ ಕಲಿಸಿದ್ದು ಶಾಲೆ ಅಂತ ಎಲ್ಲರಿಗೂ ಹೇಳ್ತೀನಿ. ಶಾಲೆಯವರಿಗೆ ಬೇಜಾರಾಗಬಾರದಲ್ಲ,” ಎನ್ನುತ್ತಾಳೆ ಹೊಡಾನ್. “ನಿಜ ಹೇಳ್ಬೇಕು ಅಂದ್ರೆ ಆ ಪುಸ್ತಕ, ಈ ಎದ್ದೋ.” ಎದ್ದೋ ಎಂದರೆ ಅವಳ ಮಾತಿನಲ್ಲಿ ಸೋದರತ್ತೆ. ಬಲ್ಲವರೆಲ್ಲ ಹೆಸರು ಹಿಡಿದು ಕರೆಯುವ ಬಾರ್ಬ್ರೂಗೆ ಅತ್ತೆ ಎನ್ನುವವಳು ಇವಳೊಬ್ಬಳೇ.

ಹಾಗಾಗಿ ಐದು ಆವೃತ್ತಿಗಳನ್ನು ಹೋಲಿಸಿ ನೋಡುವುದು ಬಾರ್ಬ್ರೂಗೆ ಸಂಗ್ರಹಕಾರರ ಖಯಾಲಿಯಲ್ಲ. ಬೇರೆಯವರು ಓದುತ್ತಾರೆ, ಇವರು ನೋಡುತ್ತಾರೆ, ಮುಟ್ಟುತ್ತಾರೆ, ಮೂಸುತ್ತಾರೆ. ಐದನ್ನೂ ಕೆಲಸದ ಮೇಜಿನ ಮೇಲೆ ಸಾಲಾಗಿ ಇಟ್ಟು ಮಾತಿಗೆ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

“ಮೊದಲನೇದಕ್ಕೆ ಜೀವ ಚೆನ್ನಾಗಿತ್ತು, ಮೈಗೆ ಗತಿ ಇರ್ಲಿಲ್ಲ. ತಂತಿ ಪಿನ್ನು ಹೊಡೆದ ತೆಳು ಪುಸ್ತಿಕೆ, ಅಷ್ಟೇ. ಪಿನ್ನು ತುಕ್ಕು ಹಿಡಿದು ಪುಟ ತಿಂದುಹಾಕ್ತು. ಎರಡನೇದು ಇನ್ನೂ ಮೋಸ. ಬರೀ ಅಂಟು. ಕೆಮ್ಮಿದ್ರೆ ಹಾಳೆ ಉದುರುತ್ತೆ. ಚಿತ್ರಗಳನ್ನ ಅಂಚೆಚೀಟಿಯಷ್ಟು ಮಾಡಿ ಕೊಂದುಹಾಕಿದ್ರು. ಮೂರನೇದು ನಮ್ಮ ಕಾರ್ಖಾನೆಯಂಥದ್ದೇ ಎಲ್ಲೋ ಹೊಲಿದಿದ್ದು, ನೋಡು, ಎಲ್ಲಿ ತೆರೆದ್ರೂ ಹಾಸಿಗೆ ಹಾಗೆ ಬಿದ್ದುಕೊಳ್ಳುತ್ತೆ. ನಾಲ್ಕನೇದು...” ಇಲ್ಲಿ ಮೂಗು ಮುರಿಯುತ್ತಾರೆ. “ಮಿಣಮಿಣ ಕಾಗದ. ಮೇಜಿನ ಮೇಲೆ ದೀಪ ಇದ್ರೆ ಪುಟದಲ್ಲಿ ಕಾಣೋದು ದೀಪವೇ. ಕೈ ಬಿಟ್ರೆ ಪಟ್ ಅಂತ ಮುಚ್ಚಿಕೊಳ್ಳುತ್ತೆ. ರೂನೆ ಕಾಫಿ ಲೋಟ ಇಟ್ಟು ಹಿಡಿಸ್ತಿದ್ದ. ಅದಕ್ಕೇ ಅದರ ತುಂಬ ಉಂಗುರ.”

ಐದನೆಯದನ್ನು ಬಿಚ್ಚಿದಾಗ ಬಾರ್ಬ್ರೂ ಮುಖ ಅರಳಿದ್ದನ್ನು ಮುಚ್ಚಿಡಬಾರದು. ಬೆನ್ನು ಬಾಗಿಸಿ ನೋಡಿ, ಉಗುರಿನಿಂದ ಕಟ್ಟುಗಳ ನಡುವೆ ತಡವಿ, “ಹೊಲಿದಿದಾರೆ! ನಿಜವಾಗ್ಲೂ ಹೊಲಿದಿದಾರೆ!” ಎಂದು ಮೇಲಿನ ಮಹಡಿಗೆ ಕೇಳಿಸುವ ಹಾಗೆ ಕೂಗಿದರು. ಕಾಗದ ಮಿನುಗುವುದಿಲ್ಲ, ಅಂಚು ಸಮ, ಗುರುತಿಗೆ ಹಸಿರು ಪಟ್ಟಿ. ಯಾರೋ ತಮ್ಮ ಹಾಗೆ ಕೆಲಸ ಬಲ್ಲವರು ಎಲ್ಲೋ ಕೂತು ಇದನ್ನು ಮಾಡಿದ್ದಾರೆ ಎಂದು ಅವರಿಗೆ ಕೃತಜ್ಞತೆ. ಚಿತ್ರಗಳೂ ಬಣ್ಣದಲ್ಲಿ ಅದ್ದಿ ತೆಗೆದ ಹಾಗಿವೆ, ರಾಕ್ಷಸನ ಹಲ್ಲಿನ ಸಂದಿಯ ಎಲೆಯ ಚೂರೂ ಕಾಣುತ್ತದೆ. ಆದರೂ ಪುಟ ಮಗುಚುತ್ತ ಹೋದ ಹಾಗೆ ಬಾರ್ಬ್ರೂ ಮಾತು ಕಡಿಮೆಯಾಯಿತು.

“ಚಂದ ಇದೆ. ಅದರಲ್ಲಿ ಎರಡು ಮಾತಿಲ್ಲ,” ಎಂದರು ಕೊನೆಗೆ. “ಆದ್ರೆ ಇಲ್ಲಿ ಎಲ್ಲರೂ ಫೋಟೋಗೆ ನಿಂತಿದಾರೆ. ಹಳೇದರಲ್ಲಿ ಎಲ್ಲರೂ ಏನೋ ಕೆಲಸದಲ್ಲಿದಾರೆ.”

ನಡೆಯುವ ಮರದ ವಿಷಯಕ್ಕೆ ಬರಬೇಕು. ಸ್ವೀಡಿಷ್‌ನಲ್ಲಿ ಕರಡಿಗೆ ಬ್ಯೋರ್ನ್ ಎನ್ನುತ್ತಾರೆ, ಭೂರ್ಜ ಮರಕ್ಕೆ ಬ್ಯೋರ್ಕ್. ಕೊನೆಯ ಅಕ್ಷರ ಒಂದರದೇ ವ್ಯತ್ಯಾಸ. ಮೊದಲ ಆವೃತ್ತಿಯ ಕಾಡುಪ್ರಾಣಿಗಳ ಭಾಗದಲ್ಲಿ ‘ಅಲೆಮಾರಿ ಕರಡಿ’ ಎಂದಿರಬೇಕಾದಲ್ಲಿ ಟೈಪು ಮಾಡಿದವರ ಬೆರಳು ಜಾರಿ ‘ಅಲೆಮಾರಿ ಭೂರ್ಜ’ ಆಯಿತು. ಚಿತ್ರ ಬರೆಯಬೇಕಾದ ಹುಡುಗಿಗೆ ಸಿಕ್ಕಿದ್ದು ಆ ಹೆಸರೊಂದೇ. ಅವಳು ಮರು ಪ್ರಶ್ನೆ ಕೇಳದೆ ನಡೆಯುವ ಮರ ಬರೆದುಕೊಟ್ಟಳು. ಕೆಳಗಿನ ವಿವರ ಮಾತ್ರ ಕರಡಿಯದೇ ಉಳಿಯಿತು: ಬಲ ಬಹಳ, ಜೇನು ಕಂಡರೆ ಬಿಡುವುದಿಲ್ಲ, ಚಳಿಗಾಲವಿಡೀ ನಿದ್ದೆ, ಎಬ್ಬಿಸಿದರೆ ಸಿಟ್ಟು. ಜೇನಿಗೆ ಬಾಯಿ ಬಿಡುವ, ಗೊರಕೆ ಹೊಡೆಯುವ ಮರವನ್ನು ಎದುರಿಟ್ಟುಕೊಂಡು ಒಂದು ತಲೆಮಾರು ಆಡಿತು. ಅದು ತಪ್ಪು ಎಂದು ಯಾರಿಗೂ ಹೊಳೆಯಲಿಲ್ಲ. ಮಂಜಿನ ಕಣಿವೆಯಲ್ಲಿ ಮರಗಳು ಹೀಗೇ ಎಂದುಕೊಂಡರು. ಮೂರನೆಯ ಆವೃತ್ತಿಯಲ್ಲಿ ಯಾರೋ ಶಿಸ್ತಿನವರು ಅಕ್ಷರ ತಿದ್ದಿದರು. ಅಲ್ಲಿಂದ ಮುಂದೆ ಕರಡಿಯೇ. ಐದನೆಯದರಲ್ಲಿ ಅದು ಎರಡು ಪುಟ ತುಂಬ ಬಾಯಿ ತೆರೆದು ನಿಂತಿದೆ.

ಬುಧವಾರ ಮ್ಯೂಸಿಯಂನಿಂದ ಸಿಕ್ಸ್‌ತೆನ್ ಬರುತ್ತಾನೆ. ಬಿಳಿ ಹತ್ತಿಯ ಕೈಗವಸು ತಂದಿರುವ, ಮಾತು ಮೆತ್ತಗಿನ ಯುವಕ. ಬಾರ್ಬ್ರೂ ಪುಸ್ತಕವನ್ನು ಅವನ ಮುಂದಿಟ್ಟು, ಮಗಳನ್ನು ನೋಡಲು ಬಂದವರ ಮುಂದೆ ನಿಂತ ತಾಯಿಯ ಹಾಗೆ ಕೈಕಟ್ಟಿ ನಿಲ್ಲುತ್ತಾರೆ. ಸಿಕ್ಸ್‌ತೆನ್ ಬೂದು ಬಟ್ಟೆಯ ರಟ್ಟು ತಿರುಗಿಸುತ್ತಾನೆ, ಬೆನ್ನು ನೋಡುತ್ತಾನೆ, ಅಂಚು ನೋಡುತ್ತಾನೆ. ಅವನ ಹುಬ್ಬು ಮೆಲ್ಲನೆ ಗಂಟಾಗುತ್ತದೆ.

“ಮೂಲ ಹೊದಿಕೆ ಎಲ್ಲಿ?”

“ಸವೆದು ಹೋಗಿತ್ತು. ಚಿತ್ರದ ಭಾಗ ಒಳಗೆ ಅಂಟಿಸಿದೀನಿ ನೋಡು.”

“ಪಿನ್ನುಗಳು?”

“ತೆಗೆದೆ. ಪ್ರತಿ ಹಾಳೆಗೂ ಮಡಿಕೇಲಿ ಪಟ್ಟಿ ಕೊಟ್ಟು, ಕಟ್ಟು ಕಟ್ಟಾಗಿ ಹೊಲಿದೆ. ಅಂಚು ಒಂದು ಕೂದಲಷ್ಟು ಕೊರೆದೆ.”

ಸಿಕ್ಸ್‌ತೆನ್ ಕೈಗವಸು ಕಳಚುತ್ತಾನೆ. “ಹೇಗೆ ಹೇಳ್ಲಿ... ಕೆಲಸ ಅದ್ಭುತವಾಗಿದೆ. ಇಂಥ ಹೊಲಿಗೆ ನಾನು ನೋಡಿಲ್ಲ. ಆದ್ರೆ ಪ್ರದರ್ಶನಕ್ಕೆ ಬೇಕಾಗಿರೋದು ಅಂಗಡಿಯಿಂದ ಬಂದ ಹಾಗೇ ಇರೋ ಪ್ರತಿ. ಆ ಲೆಕ್ಕದಲ್ಲಿ ಇದು, ಬೇಜಾರು ಮಾಡ್ಕೋಬೇಡ, ಹಾಳಾದ ಪ್ರತಿ.”

“ಹಾಳಾಗಿದೆಯಾ?”

“ಪೂರ್ತಿ.”

“ಗಾಜಿನೊಳಗೆ ಇಡೋ ಹಾಗಿಲ್ಲ?”

“ಇಲ್ಲ, ಸಾಧ್ಯ ಇಲ್ಲ. ಕ್ಷಮಿಸು.”

ಬಾರ್ಬ್ರೂ ಅವನ ಎರಡೂ ಕೈ ಹಿಡಿದು ಕುಲುಕುತ್ತಾರೆ. “ಅಯ್ಯೋ ನಿನ್ನ ಬಾಯಿಗೆ ಸಕ್ಕರೆ ಹಾಕ! ಕೂತ್ಕೋ, ಬನ್ ತಿನ್ನು.” ಸಿಕ್ಸ್‌ತೆನ್‌ಗೆ ಏನೂ ಅರ್ಥವಾಗುವುದಿಲ್ಲ. ಏಲಕ್ಕಿ ಬನ್ ಮಾತ್ರ ಎರಡು ತಿನ್ನುತ್ತಾನೆ. ಹೋಗುವಾಗ ಹೊಲಿಗೆಯನ್ನು ಮತ್ತೊಮ್ಮೆ ನೋಡಲೇ ಎಂದು ಕೇಳಿ ನೋಡುತ್ತಾನೆ.

ಸಂತೋಷ ಸಂಜೆಯವರೆಗೂ ಉಳಿಯುವುದಿಲ್ಲ. ಗಾಜಿನ ಪೆಟ್ಟಿಗೆ ತಪ್ಪಿತು ಎಂದರೆ ಉಳಿದದ್ದು ಕಸದ ಬುಟ್ಟಿ. ಪುಸ್ತಕವನ್ನು ಮನೆಗೆ ಒಯ್ಯಬಹುದಲ್ಲ ಎಂದು ಮಾಲಿನ್ ಫೋನಿನಲ್ಲಿ ಸೂಚಿಸುತ್ತಾರೆ. ತೆಗೆದು ಹಾಕಿದ ಪುಸ್ತಕ ಯಾರು ಬೇಕಾದರೂ ಒಯ್ಯಬಹುದು.

“ನಂಗೆ ಯಾಕೆ? ನನ್ನ ಹತ್ರ ಇದ್ರೆ ಅದನ್ನ ನೋಡೋಳು ನಾನೊಬ್ಳೇ,” ಎಂದು ಬಾರ್ಬ್ರೂ ಫೋನು ಇಡುತ್ತಾರೆ. ಆಮೇಲೆ ಎಷ್ಟೋ ಹೊತ್ತು ಕುಂಚ ತೊಳೆಯುತ್ತಲೇ ಇರುತ್ತಾರೆ. ಹೊಡಾನ್‌ನ ಹಾಗೆ ಇನ್ನೊಬ್ಬ ಹುಡುಗಿ ಈ ಊರಿಗೆ ಬಂದರೆ ಎಲ್ಲಿ ಬೆರಳಿಡುತ್ತಾಳೆ ಎನ್ನುವುದೊಂದೇ ಅವರ ಚಿಂತೆ. ಅದನ್ನು ಅವರು ಯಾರ ಹತ್ತಿರವೂ ದೊಡ್ಡದಾಗಿ ಹೇಳಿಕೊಳ್ಳುವುದಿಲ್ಲ.

ಗುರುವಾರ ಸಂಜೆ ಮಾಲಿನ್ ತಾವೇ ಕೆಳಗೆ ಬರುತ್ತಾರೆ. ಪುಸ್ತಕ ಒಯ್ಯಲು ಬಂದಿದ್ದಾರೆ, ಆದರೆ ಬಾಯಿ ಬಿಡಲು ಆಗುತ್ತಿಲ್ಲ. ಮೇಜಿನ ಸುತ್ತ ಹೊಡಾನ್, ನಿವೃತ್ತನಾದ ಮೇಲೆ ಇನ್ನೂ ಬಾಯಿ ಜೋರಾಗಿರುವ ರೂನೆ, ಬಾರ್ಬ್ರೂ. ಕೆನೆ ತುಂಬಿದ ಸೆಮ್ಲಾ ಬನ್ನುಗಳು ದೂರದ ಕಿಟಕಿಯ ಮೇಲಿವೆ, ಪುಸ್ತಕದ ಮೇಜಿಗೆ ಕೆನೆ ತರಬಾರದು ಎನ್ನುವುದು ಬಾರ್ಬ್ರೂ ಕಾನೂನು. ಹೊಡಾನ್ ಮುಂದೆ ಹೊಸ ಐದನೆಯ ಆವೃತ್ತಿ.

“ನಿಂತೇ ಇದ್ರೆ ಕಾಲು ನೋಯುತ್ತೆ. ಒಂದು ಕೈ ಆಡಿ ಹೋಗು,” ಎಂದು ರೂನೆ ಕುರ್ಚಿ ಎಳೆಯುತ್ತಾನೆ. “ನೀನು ವೈದ್ಯೆ ಆಗು. ಸತ್ರೆ ನಮ್ಮ ಮೇಲೆ ಕೇಸು ಹಾಕಬೇಡ.”

ಮಾಲಿನ್ ಕೂರುತ್ತಾರೆ. ಕತೆ ಚಳಿಗಾಲದ ಕಾಡು ಹೊಗುತ್ತದೆ. ತೊರೆಯ ಹತ್ತಿರ ಹೊಡಾನ್ ದಾಳ ಉರುಳಿಸಿ, ಪುಟ ತಿರುಗಿಸಿ, ಹೊಸ ಪುಸ್ತಕವನ್ನು ಎತ್ತಿ ತೋರಿಸುತ್ತಾಳೆ. ಎರಡು ಪುಟದ ಕರಡಿ. ಮಾಲಿನ್ ಹಿಂದಕ್ಕೆ ಸರಿಯುತ್ತಾರೆ.

“ಅಬ್ಬಾ! ಏನ್ ಮಾಡ್ಲಿ?”

“ಹೊಡಿ,” ಎನ್ನುತ್ತಾನೆ ರೂನೆ.

“ನಾನು ವೈದ್ಯೆ! ನನ್ನ ಹತ್ರ ಇರೋದು ಬ್ಯಾಂಡೇಜು.”

“ಹಾಗಾದ್ರೆ ಓಡು.”

ಓಡುತ್ತಾರೆ. ದಾಳ ಕೈ ಕೊಡುತ್ತದೆ. ಕರಡಿಯ ಒಂದು ಏಟಿಗೆ ವೈದ್ಯೆ ಹಿಮದಲ್ಲಿ ಬೀಳುತ್ತಾಳೆ. ಮಾಲಿನ್ ಚಿತ್ರವನ್ನೇ ದಿಟ್ಟಿಸಿ, “ಇದರಲ್ಲಿ ಮಾಡೋಕೆ ಬೇರೆ ಏನಾದ್ರೂ ಇರ್ಬೇಕಲ್ಲ?” ಎನ್ನುತ್ತಾರೆ. ಚಿತ್ರದಲ್ಲಿ ಇರುವುದು ಬಾಯಿ, ಹಲ್ಲು, ಹಿಮ.

ಬಾರ್ಬ್ರೂ ಬೂದುಬಣ್ಣದ ಪುಸ್ತಕವನ್ನು ಮೇಜಿನ ಮೇಲೆ ನಿಲ್ಲಿಸಿ ಕೈ ಬಿಡುತ್ತಾರೆ. ಅದು ಆ ಪುಟದಲ್ಲೇ ತೆರೆದುಕೊಳ್ಳುತ್ತದೆ. “ತೊರೆಯಿಂದ ಬಂದಿದ್ದು ಕರಡಿ ಅಲ್ಲ, ಇದು ಅಂತ ಇಟ್ಕೋ,” ಎನ್ನುತ್ತಾಳೆ ಹೊಡಾನ್. “ಮೊದಲಿಂದ ಶುರು ಮಾಡು. ಏನ್ ಮಾಡ್ತೀಯ?”

ಮಾಲಿನ್ ಬಗ್ಗಿ ನೋಡುತ್ತಾರೆ. ಎತ್ತಿಕೊಂಡ ಬೇರು, ನೀರು, ಗೂಡು. ಉಳಿದ ಮೂವರೂ ಉಸಿರು ಬಿಗಿಹಿಡಿದು ಕೂತಿದ್ದಾರೆ. ಅವರಿಗೆ ಗೊತ್ತಿರುವುದು ಮಾಲಿನ್‌ಗೆ ಗೊತ್ತಿಲ್ಲ, ಹೇಳಿಕೊಡಲು ಯಾರೂ ಸಿದ್ಧರಿಲ್ಲ. ರೂನೆಗಂತೂ ಬಾಯಿ ತುರಿಸುತ್ತಿದೆ. ಬಾರ್ಬ್ರೂ ಅವನ ಕಾಲು ತುಳಿಯುತ್ತಾರೆ.

“ಗೂಡು ಓರೆಯಾಗಿದೆ,” ಎನ್ನುತ್ತಾರೆ ಮಾಲಿನ್ ಮೆಲ್ಲನೆ. “ಇದು ನಮ್ಮ ಮೇಲೆ ಬರ್ತಿಲ್ಲ. ಗೂಡು ಬೀಳಬಾರದು ಅಂತ ಹುಷಾರಾಗಿ ನಡೀತಿದೆ. ಇರಿ, ಇರಿ. ಇಲ್ಲೊಂದು ಮೊಟ್ಟೆ ಬೀಳ್ತಾ ಇದೆ! ನೀರಿಗೆ ಬೀಳುತ್ತೆ! ನಾನು ತೊರೆಗೆ ಇಳಿದು ಮೊಟ್ಟೆ ಹಿಡೀತೀನಿ!”

“ಉರುಳಿಸು,” ಎನ್ನುತ್ತಾಳೆ ಹೊಡಾನ್.

ದಾಳ ಮೇಜಿನ ಉದ್ದಕ್ಕೂ ಓಡಿ, ಬೂದು ರಟ್ಟಿಗೆ ತಾಗಿ ನಿಲ್ಲುತ್ತದೆ. ಗೆದ್ದಿದೆ. ರೂನೆ ಮೇಜು ಗುದ್ದುತ್ತಾನೆ, ಮಾಲಿನ್ ಕುರ್ಚಿಯಿಂದ ಎದ್ದೇ ಬಿಡುತ್ತಾರೆ. ಸೊಂಟದವರೆಗೆ ತಣ್ಣೀರಿನಲ್ಲಿ ನಿಂತವರ ಹಾಗೆ, ಎರಡೂ ಅಂಗೈ ಬೊಗಸೆ ಮಾಡಿ ಹಿಡಿದಿದ್ದಾರೆ. ಬೊಗಸೆಯಲ್ಲಿ ಏನೂ ಇಲ್ಲ, ಆದರೂ ಕೈ ಬಿಡಲು ಅವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

“ನಾವಿಬ್ರೂ ಮೊದಲ ದಿನ ಮಾಡಿದ್ದೂ ಇದೇ,” ಎಂದು ಹೊಡಾನ್ ಬಾರ್ಬ್ರೂ ಹೆಗಲಿಗೆ ತಲೆ ಆನಿಸುತ್ತಾಳೆ. “ನಂಗೆ ಆ ದಿನ ಬರ್ತಿದ್ದ ಸ್ವೀಡಿಷ್ ಪದ ಒಂದೇ, ಮೊಟ್ಟೆ. ಕೂಗಿಬಿಟ್ಟೆ. ಎಲ್ಲರೂ ಚಪ್ಪಾಳೆ ಹೊಡೆದ್ರು. ಈ ಊರು ನಂದೂ ಹೌದು ಅಂತ ಆವತ್ತು ಅನ್ನಿಸ್ತು. ಎದ್ದೋ, ನೀನು ಅದನ್ನ ಹೊಲಿದು ಹೊಲಿದು ಇಷ್ಟು ವರ್ಷ ಇಟ್ಟೆಯಲ್ಲ, ನಿಂಗೆ ನಾನು ಒಂದಿನಾನೂ ಥ್ಯಾಂಕ್ಸ್ ಹೇಳಿಲ್ಲ.”

“ಈಗ ಹೇಳಿದೆಯಲ್ಲ,” ಎಂದು ಬಾರ್ಬ್ರೂ ಅವಳ ಬೆನ್ನು ತಟ್ಟುತ್ತಾರೆ. “ಹೋಗು, ಬನ್ನು ತಾ. ಕೆನೆ ಮೂತಿಗೆ ಹತ್ತಲಿ, ಪುಟಕ್ಕೆ ಬೇಡ.”

ಮಾಲಿನ್ ಎರಡು ಪುಸ್ತಕಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕೂತಿದ್ದಾರೆ. ಒಮ್ಮೆ ಕರಡಿ ನೋಡುತ್ತಾರೆ, ಒಮ್ಮೆ ಮರ. “ಇದರಲ್ಲಿದ್ದಿದ್ದು ಅದರಲ್ಲಿ ಇಲ್ಲ,” ಎನ್ನುತ್ತಾರೆ ತಮಗೆ ತಾವೇ. ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ, “ನಿಯಮ ಏನು ಹೇಳುತ್ತೆ? ಹಳೇದರಲ್ಲಿ ಇದ್ದದ್ದೆಲ್ಲ ಹೊಸದರಲ್ಲಿ ಇದ್ರೆ ತೆಗೀಬೇಕು. ಇಲ್ವಲ್ಲ! ಇದು ಹಳೇ ಆವೃತ್ತಿ ಅಲ್ಲ ಕಣ್ರೋ, ಇದು ಬೇರೆ ಪುಸ್ತಕ.” ರೂನೆ, “ಇಷ್ಟು ಹೇಳೋಕೆ ನೀನು ಒಂದು ಸಲ ಸಾಯಬೇಕಾಯ್ತು,” ಎನ್ನುತ್ತಾನೆ. ಮಾಲಿನ್ ಅವನಿಗೆ ದಾಳ ಎಸೆಯುತ್ತಾರೆ.

ಶುಕ್ರವಾರ ಬೆಳಿಗ್ಗೆ ಗ್ರಂಥಾಲಯದ ಪಟ್ಟಿಯಲ್ಲಿ ಮೊದಲ ಆವೃತ್ತಿ ತನ್ನದೇ ಹೆಸರಿನಲ್ಲಿ, ಎರವಲಿಗೆ ಉಂಟು ಎಂಬ ಗುರುತಿನೊಂದಿಗೆ ಸೇರುತ್ತದೆ. ಬಾರ್ಬ್ರೂ ಬೆನ್ನಿನ ಚೀಟಿ ತಾವೇ ಅಂಟಿಸಿ, ಒಣಗಿಸಿ, ಹೊಸ ಐದನೆಯದರ ಪಕ್ಕದಲ್ಲೇ ಕಪಾಟಿನಲ್ಲಿ ನಿಲ್ಲಿಸುತ್ತಾರೆ. ಎರಡರ ಬೆನ್ನನ್ನೂ ಒಂದೊಂದು ಸಲ ಸವರುತ್ತಾರೆ. ಹೊಸದನ್ನು ಕಂಡರೆ ಅವರಿಗೆ ಹಗೆಯಿಲ್ಲ, ಅದರ ಹೊಲಿಗೆ ಒಳ್ಳೆಯದು. ಆಮೇಲೆ ಹಿಮ ಬಾಚಲು ಹೊರಗೆ ಹೋಗುತ್ತಾರೆ, ಬಿಸಿನೀರಿನಲ್ಲಿ ಕೈ ಅದ್ದಿಕೊಳ್ಳುತ್ತಾರೆ, ಗಟ್ಟಿರೊಟ್ಟಿಗೆ ಚೀಸ್ ಇಟ್ಟುಕೊಂಡು ತಿನ್ನುತ್ತಾರೆ.

ಮಧ್ಯಾಹ್ನ ಮತ್ತೆ ಮೇಲೆ ಬಂದಾಗ ಕಪಾಟಿನಲ್ಲಿ ಹೊಸದೊಂದೇ ವಾಲಿಕೊಂಡು ನಿಂತಿದೆ. ಪಕ್ಕದ ಜಾಗ ಖಾಲಿ. ಬಾರ್ಬ್ರೂ ಮುಖ ನೋಡಿ ಮಾಲಿನ್ ಕೌಂಟರಿನಿಂದ ಓಡಿ ಬರುತ್ತಾರೆ.

“ಹೋಯ್ತು ಬಾರ್ಬ್ರೂ! ಯಾರೋ ಗೊತ್ತಿಲ್ಲ, ಈ ಊರಿಗೆ ಹೊಸಬ್ರು. ಗ್ಯಾರೇಜಲ್ಲಿ ಕೆಲಸ ಅಂತೆ, ಮಾತು ಇನ್ನೂ ಸ್ವಲ್ಪ ಸ್ವಲ್ಪ. ಜೊತೆಗೆ ಮಗಳಿದ್ಲು. ಅವಳೇ ಆರಿಸಿದ್ದು. ಅಪ್ಪನ ಕೈ ತುಂಬ ಗ್ರೀಸು, ಕೈ ತೊಳ್ಕೊಳ್ಳಿ ಅಂತ ಹೇಳೋಣ ಅಂದ್ಕೊಂಡೆ, ನಾಚಿಕೆ ಆಯ್ತು. ಬಾಗಿಲು ದಾಟೋ ಮೊದಲೇ ಇಬ್ರೂ ತೆರೆದುಕೊಂಡು ನಿಂತಿದ್ರು. ಹೇಳಬೇಕಿತ್ತಾ?”

ಬಾರ್ಬ್ರೂ ಖಾಲಿ ಜಾಗಕ್ಕೆ ಅಂಗೈ ಇಟ್ಟು ನೋಡುತ್ತಾರೆ. ಈ ಕೆಲಸ ಬಿಡುವ ಮೊದಲು ನಿಮ್ಮ ಆಸೆ ಏನು ಎಂದು ಇದನ್ನು ಬರೆಯುವ ನಾನು ಕೇಳಿದ್ದಕ್ಕೆ ವಾರವಿಡೀ ನಕ್ಕು ತೇಲಿಸಿದವರು, ಯಾರೂ ಕೇಳದಿರುವಾಗ ಈಗ ಹೇಳುತ್ತಾರೆ.

“ಬೇಡ, ಏನೂ ಹೇಳಬೇಡ. ಸ್ವಲ್ಪ ಹರಿದೇ ಬರಲಿ. ಹೋದ ಹಾಗೇ ವಾಪಸ್ ಬಂದ್ರೆ ನಂಗೆ ಬೇಜಾರಾಗುತ್ತೆ.”